ಓದುಗರ ಪ್ರಶ್ನೆ: ಸ್ಕ್ಯಾನರ್ ಬಂತು, ರಿಜಿಸ್ಟರ್ ಹೋಗಲಿಲ್ಲ

ಈ ಸಲ ಬಂದ ಪ್ರಶ್ನೆಗಳೆಲ್ಲ ಸಂಸ್ಥೆಗಳಲ್ಲಿ ಯೋಜನೆ ಹಾಕಿಕೊಂಡು ಬದಲಾವಣೆ ತರುವುದರ ಬಗ್ಗೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಉಳಿದವುಗಳ ಬೇರೂ ಅಲ್ಲೇ ಇದೆ.

ಪ್ರಶ್ನೆ: ನಮ್ಮ ಗೋದಾಮಿನಲ್ಲಿ 60 ಜನ ಇದ್ದಾರೆ. ದಾಸ್ತಾನಿನ ಲೆಕ್ಕವನ್ನು ರಿಜಿಸ್ಟರ್ ಬಿಡಿಸಿ ಸ್ಕ್ಯಾನರ್‌ಗೆ ತಂದು 3 ವಾರವಾಯಿತು. 2 ದಿನ ತರಬೇತಿಯನ್ನೂ ಕೊಟ್ಟೆವು. ಆದರೂ ಎಲ್ಲರೂ ಮೊದಲು ರಿಜಿಸ್ಟರ್‌ನಲ್ಲಿ ಬರೆದುಕೊಂಡು, ಪಾಳಿ ಮುಗಿಯುವಾಗ ಒಟ್ಟಿಗೆ ಸ್ಕ್ಯಾನ್ ಮಾಡುತ್ತಾರೆ. ‘ಹಳಬರು ಒಗ್ಗುವವರಲ್ಲ, ಬೇರೆ ಕಡೆ ಹಾಕಿ’ ಎನ್ನುತ್ತಾರೆ ಮೇಲಿನವರು. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಯಾರನ್ನೂ ಎತ್ತಂಗಡಿ ಮಾಡಬೇಡಿ. ಒಂದು ಪೂರ್ತಿ ಪಾಳಿ ರ‍್ಯಾಕ್‌ಗಳ ನಡುವೆ ನಿಲ್ಲಿ. ಯಾರಾದರೂ ರಿಜಿಸ್ಟರ್ ತೆರೆದಾಗಲೆಲ್ಲ ಹೊತ್ತು, ಜಾಗ, ಕಾರಣ ಮೂರನ್ನೂ ಗುರುತು ಮಾಡಿಕೊಳ್ಳಿ. ‘ಸ್ಕ್ಯಾನರ್ ಯಾಕೆ ಬಳಸುತ್ತಿಲ್ಲ?’ ಎಂದು ಕೇಳಿದರೆ ನೆಪ ಸಿಗುತ್ತದೆ. ‘ಈಗ ಏನಾಯಿತು?’ ಎಂದು ಕೇಳಿದರೆ ಕಾರಣ ಸಿಗುತ್ತದೆ.

ಧೂಳು ಹಿಡಿದ ಬಾರ್‌ಕೋಡ್, ಮೂಲೆಯಲ್ಲಿ ಸಿಗದ ವೈಫೈ, ಪಾಳಿಯ ನಡುವೆ ಕೈಕೊಡುವ ಬ್ಯಾಟರಿ ಇವೆಲ್ಲ ನಿರೀಕ್ಷಿತ. ಇವುಗಳಿಗಿಂತ ಕೆಟ್ಟದ್ದು ಇನ್ನೊಂದಿದೆ: ತಪ್ಪು ನಮೂದನ್ನು ಅಳಿಸಲು ಮೇಲ್ವಿಚಾರಕರ ಪಾಸ್‌ವರ್ಡ್ ಬೇಕು ಎಂಬ ನಿಯಮ. 12 ಪೆಟ್ಟಿಗೆಗೆ 21 ಎಂದು ಒತ್ತಿದವರು ರಿಜಿಸ್ಟರ್ ಆಗಿದ್ದರೆ ಗೀಟೆಳೆದು, ಪಕ್ಕದಲ್ಲೊಂದು ಸಹಿ ಹಾಕಿ ಮುಂದೆ ಹೋಗುತ್ತಿದ್ದರು. ಈಗ ಮೇಲ್ವಿಚಾರಕರನ್ನು ಹುಡುಕಬೇಕು, ಅಷ್ಟು ಹೊತ್ತು ಲಾರಿ ನಿಂತಿರಬೇಕು, ಮೇಲಾಗಿ ತಪ್ಪು ಒತ್ತಿದವರ ಹೆಸರಿಗೇ ದಾಖಲಾಗುತ್ತದೆ. ಹೀಗಿರುವಾಗ ಕಾಗದದಲ್ಲಿ ಖಚಿತ ಮಾಡಿಕೊಂಡು ಆಮೇಲೆ ಸ್ಕ್ಯಾನ್ ಮಾಡುವುದು ಅವರ ಮಟ್ಟಿಗೆ ಜಾಣತನ. ನೀವು ಅದನ್ನು ‘ವಿರೋಧ’ ಎನ್ನುತ್ತಿದ್ದೀರಿ.

ಬದಲಾವಣೆಯನ್ನು ಮುಂದಕ್ಕೆ ದೂಡುವ ಬಲಗಳೂ ಹಿಂದಕ್ಕೆ ಎಳೆಯುವ ಬಲಗಳೂ ಸಮವಾದಾಗ ಸಂಸ್ಥೆ ಇದ್ದಲ್ಲೇ ಇರುತ್ತದೆ ಎಂದವರು ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್. ಸುತ್ತೋಲೆ, ಎಚ್ಚರಿಕೆ, ದಂಡ ಎಂದು ದೂಡುತ್ತ ಹೋದರೆ ಬಿಗಿತ ಏರುತ್ತದೆ. ಎಳೆಯುತ್ತಿರುವುದನ್ನು ಸಡಿಲಿಸಿದರೆ ಅಷ್ಟೇ ಬಲದಲ್ಲಿ ಗಾಡಿ ಮುಂದೆ ಹೋಗುತ್ತದೆ. ಮೊದಲ ಕೆಲಸವಾಗಿ, ನಮೂದು ಮಾಡಿ 10 ನಿಮಿಷದೊಳಗಾದರೆ ಅದನ್ನು ಮಾಡಿದವರೇ ತಿದ್ದುವಂತೆ ತಂತ್ರಾಂಶದಲ್ಲಿ ಅವಕಾಶ ಮಾಡಿಸಿ.

‘ಹಳಬರು’ ಎಂಬ ವಾದಕ್ಕೆ ಅಮೆರಿಕದ ವರ್ಜೀನಿಯಾದ ಒಂದು ಪೈಜಾಮ ಕಾರ್ಖಾನೆಯಲ್ಲಿ ಉತ್ತರವಿದೆ. ಲೆಸ್ಟರ್ ಕೋಚ್, ಜಾನ್ ಫ್ರೆಂಚ್ ಎಂಬ ಇಬ್ಬರು ಸಂಶೋಧಕರು ಅಲ್ಲಿ ಮಾಡಿದ ಪ್ರಯೋಗ 1948ರಲ್ಲಿ ಪ್ರಕಟವಾಯಿತು. ಇಸ್ತ್ರಿ ಮಾಡುವವರ ಒಂದು ಗುಂಪು ಪೈಜಾಮಗಳನ್ನು ರಟ್ಟಿನ ಮೇಲೆ ಒಟ್ಟುತ್ತಿದ್ದುದು ಬಿಟ್ಟು ಪೆಟ್ಟಿಗೆಯಲ್ಲಿ ಜೋಡಿಸಬೇಕಿತ್ತು, ಅಷ್ಟೇ. ಈ ಗುಂಪಿಗೆ ಬದಲಾವಣೆಯನ್ನು ವಿವರಿಸಿ ಜಾರಿ ಮಾಡಿದರು. ಉತ್ಪಾದನೆ ಕುಸಿದು ಮೇಲೇಳಲೇ ಇಲ್ಲ, 40 ದಿನದೊಳಗೆ ಶೇ 17ರಷ್ಟು ಜನ ಕೆಲಸ ಬಿಟ್ಟರು. ಹೊಸ ವಿಧಾನವನ್ನು ರೂಪಿಸುವಾಗ ಎಲ್ಲರೂ ಕೂತು ಚರ್ಚಿಸಿದ ಬೇರೆ ಗುಂಪುಗಳು ಬೇಗ ಚೇತರಿಸಿಕೊಂಡು, ಹಳೆಯ ಮಟ್ಟಕ್ಕಿಂತ ಸುಮಾರು ಶೇ 14ರಷ್ಟು ಮೇಲೆ ಹೋದವು. ಮುಖ್ಯವಾದದ್ದು ಇದಾದ ಮೇಲಿನದು. ಮೊದಲ ಗುಂಪಿನಲ್ಲಿ ಉಳಿದವರನ್ನು ಕೆಲವು ತಿಂಗಳ ನಂತರ ಇನ್ನೊಂದು ಹೊಸ ಕೆಲಸಕ್ಕೆ ಹಾಕುವಾಗ ಚರ್ಚೆಗೆ ಕೂರಿಸಿದರು. ಈ ಸಲ ಅವರೂ ಬೇಗ ಮೇಲೆ ಬಂದರು. ಜನ ಅವರೇ, ಬದಲಾಗಿದ್ದು ಅವರನ್ನು ನಡೆಸಿಕೊಂಡ ರೀತಿ.

ನಿಮ್ಮಲ್ಲಿ 6ರಿಂದ 8 ಜನರ ಒಂದು ತಂಡ ಮಾಡಿ. ಅತಿ ಹೆಚ್ಚು ಗೊಣಗುವವರು ಅದರಲ್ಲಿ ಇರಲೇಬೇಕು. ಯಾವುದು ತೀರ್ಮಾನವಾಗಿದೆ, ಯಾವುದು ಅವರ ಕೈಯಲ್ಲಿದೆ ಎಂದು ಮೊದಲ ದಿನವೇ ಬಿಡಿಸಿ ಹೇಳಿ: ಸ್ಕ್ಯಾನರ್ ಉಳಿಯುವುದು ಖಂಡಿತ; ಲೇಬಲ್ ಎಲ್ಲಿ ಅಂಟಿಸಬೇಕು, ಯಾವ ಸಾಲಿನಿಂದ ಶುರು ಮಾಡಬೇಕು, ಕೆಟ್ಟಾಗ ಏನು ಮಾಡಬೇಕು ಎಂಬುದು ಅವರದು. ಎಲ್ಲ ಮುಗಿಸಿಟ್ಟು ಅಭಿಪ್ರಾಯ ಕೇಳುವ ನಾಟಕ ಮಾತ್ರ ಬೇಡ. ಅದಕ್ಕಿಂತ ನೇರ ಆದೇಶವೇ ವಾಸಿ.

ಕಲಿಯುವ ದಿನಗಳಲ್ಲಿ ವೇಗ ಇಳಿಯುವುದು ಸಹಜ. ಉತ್ಪಾದನೆಗೆ ಪ್ರೋತ್ಸಾಹಧನ ಇದ್ದರೆ, 6 ವಾರಗಳ ಕಾಲ, ಅದಕ್ಕೂ ಹಿಂದಿನ 3 ತಿಂಗಳ ಸರಾಸರಿಯನ್ನೇ ಕೊಡಿ. ಇಲ್ಲವಾದರೆ ನಿಮ್ಮ ಸುಧಾರಣೆಯ ಖರ್ಚನ್ನು ಕೂಲಿಯವರ ಜೇಬಿನಿಂದ ತೆಗೆದಂತಾಗುತ್ತದೆ.

ರಿಜಿಸ್ಟರ್ ಮುಚ್ಚುವುದಕ್ಕೆ ದಿನಾಂಕಕ್ಕಿಂತ ಷರತ್ತು ಒಳ್ಳೆಯದು. ದಿನಕ್ಕೆ 20 ರ‍್ಯಾಕ್ ಕೈಯಲ್ಲಿ ಎಣಿಸಿ ಸ್ಕ್ಯಾನರ್ ಲೆಕ್ಕಕ್ಕೆ ತಾಳೆ ನೋಡಿ. ಸತತ 10 ದಿನ ವ್ಯತ್ಯಾಸ ರಿಜಿಸ್ಟರ್ ಕಾಲಕ್ಕಿಂತ ಕಡಿಮೆ ಬಂದರೆ ಆ ಸಾಲಿನ ರಿಜಿಸ್ಟರ್‌ಗಳನ್ನು ಅಂದೇ ಕಪಾಟಿಗೆ ಹಾಕಿ ಬೀಗ ಹಾಕಿ. ರಿಜಿಸ್ಟರ್ ಕಾಲದ ವ್ಯತ್ಯಾಸ ಎಷ್ಟಿತ್ತೆಂಬ ಲೆಕ್ಕವೇ ನಿಮ್ಮಲ್ಲಿಲ್ಲದಿದ್ದರೆ ಅದನ್ನು ಈಗಲೇ ತೆಗೆಯಿರಿ, ಆಮೇಲೆ ಸಿಗುವುದಿಲ್ಲ. ಕರೆಂಟ್ ಹೋದಾಗ ಬಳಸಲು ಕ್ರಮಸಂಖ್ಯೆಯಿರುವ ಚೀಟಿಗಳಿರಲಿ. ಪಾಳಿ ಮುಗಿಯುವ ಮುನ್ನ ಅವು ಗಣಕಕ್ಕೆ ಏರಬೇಕು.

ಪ್ರಶ್ನೆ: ಸಿಬ್ಬಂದಿಯ ಅಭಿಪ್ರಾಯ ಸಮೀಕ್ಷೆ ಮಾಡಿ 4 ತಿಂಗಳಾಯಿತು. ವರದಿ ನಿರ್ದೇಶಕರ ಬಳಿ ಇದೆ. ‘ಮತ್ತೆ ಸಮೀಕ್ಷೆಯೇ?’ ಎಂದು ಜನ ನಗುತ್ತಾರೆ.

ಉತ್ತರ: ನಗುವುದು ಸರಿಯೇ. ಕೇಳಿ ಸುಮ್ಮನಾಗುವುದು ಕೇಳದಿರುವುದಕ್ಕಿಂತ ಕೆಟ್ಟದ್ದು. ಸಮೀಕ್ಷೆಯ ಅಂಕಿಗಳು ಮೇಲೆ ಹೋಗುವುದಕ್ಕಿಂತ ಉತ್ತರ ಕೊಟ್ಟವರ ಬಳಿಗೆ ವಾಪಸ್ ಬರುವುದು ಮುಖ್ಯ. ತಡವಾಗಿದ್ದಕ್ಕೆ ಒಂದು ಸಾಲಿನಲ್ಲಿ ಕ್ಷಮೆ ಕೇಳಿ, ಪ್ರತಿ ವಿಭಾಗಕ್ಕೂ ಅದರದೇ ಅಂಕಿಗಳನ್ನು ಒಂದು ಹಾಳೆಯಲ್ಲಿ ಕೊಡಿ. 8ಕ್ಕಿಂತ ಕಡಿಮೆ ಜನರಿರುವ ಗುಂಪನ್ನು ಪಕ್ಕದ ಗುಂಪಿನ ಜತೆ ಸೇರಿಸಿ, ಇಲ್ಲದಿದ್ದರೆ ಯಾರು ಏನು ಬರೆದರೆಂದು ಊಹಿಸುವುದು ಸುಲಭ. 90 ನಿಮಿಷದ ಸಭೆಯಲ್ಲಿ ಮೊದಲು ಸಿಬ್ಬಂದಿ ಮಾತಾಡಲಿ, ವಿಭಾಗದ ಮುಖ್ಯಸ್ಥರು ಕೊನೆಗೆ. ಅವರು ಮೊದಲೇ ಬಾಯಿ ತೆರೆದರೆ ಅದು ಸಮಜಾಯಿಷಿಯಾಗುತ್ತದೆ. ಎದ್ದು ಹೋಗುವಾಗ ಎರಡೇ ಕೆಲಸ, ಅವಕ್ಕೆ ಎರಡು ಹೆಸರು, ಒಂದು ದಿನಾಂಕ ಇರಲಿ. ಹದಿನೈದು ಕೆಲಸದ ಪಟ್ಟಿ ಮಾಡಿದರೆ ಒಂದೂ ಆಗುವುದಿಲ್ಲ.

ಪ್ರಶ್ನೆ: ಹೊಸ ಪದ್ಧತಿಯ ಪ್ರಯೋಗವನ್ನು ನಮ್ಮ ಅತ್ಯುತ್ತಮ ಶಾಖೆಯಲ್ಲಿ ಮಾಡಿದರೆ ಹೇಗೆ?

ಉತ್ತರ: ಯಶಸ್ಸು ಸಿಗುತ್ತದೆ, ಪಾಠ ಸಿಗುವುದಿಲ್ಲ. ಆ ಶಾಖೆಯವರು ಕೆಟ್ಟ ಪದ್ಧತಿಯನ್ನೂ ಹೇಗೋ ನಡೆಸಿಬಿಡುತ್ತಾರೆ, ಉಳಿದವರು ‘ಅವರ ಮಾತು ಬಿಡಿ’ ಎನ್ನುತ್ತಾರೆ. ಸಾಧಾರಣ ಶಾಖೆ ಆರಿಸಿ, ಕೆಲಸ ಹೆಚ್ಚಿರುವ ತಿಂಗಳನ್ನೂ ಪ್ರಯೋಗದೊಳಗೆ ಸೇರಿಸಿ. ಹೊರಗಿನಿಂದ ಹೆಚ್ಚುವರಿ ಜನ ಕಳಿಸಬೇಡಿ. ಬೇರೆ ಶಾಖೆಗಳಿಗೆ ಅದು ಸಿಗುವುದಿಲ್ಲವಲ್ಲ.

ಪ್ರಶ್ನೆ: ಆರು ತಿಂಗಳು ಚೆನ್ನಾಗಿ ನಡೆದ ಬದಲಾವಣೆ ಮತ್ತೆ ಹಳೆಯ ದಾರಿ ಹಿಡಿಯಿತು. ತರಬೇತಿ ಸಾಲದೇ ಹೋಯಿತೇ?

ಉತ್ತರ: ತರಬೇತಿಯನ್ನು ದೂರುವ ಮುನ್ನ ಬಡ್ತಿಯ ಅರ್ಜಿ ನೋಡಿ. ಹಳೆಯದನ್ನು ಕರಗಿಸುವುದು, ಹೊಸ ಮಟ್ಟಕ್ಕೆ ಸಾಗುವುದು, ಅಲ್ಲಿ ಗಟ್ಟಿಗೊಳಿಸುವುದು ಎಂಬ ಮೂರು ಹಂತಗಳನ್ನು ಲೆವಿನ್ 1947ರಲ್ಲೇ ಬರೆದಿದ್ದರು. ಮೂರನೆಯದಕ್ಕೆ ಬಜೆಟ್‌ನಲ್ಲಿ ದುಡ್ಡು ಇಡುವವರು ಕಡಿಮೆ. ವಿಭಾಗಗಳು ಕೂಡಿ ಕೆಲಸ ಮಾಡಬೇಕೆಂದು ಹೇಳಿ, ಬಡ್ತಿಯ ಅಂಕವನ್ನು ಮಾತ್ರ ಬಿಡಿಬಿಡಿಯಾಗಿ ಕೊಟ್ಟರೆ ಜನ ಅಂಕದ ಹಿಂದೆ ಹೋಗುತ್ತಾರೆ. ಮೌಲ್ಯಮಾಪನದ ನಮೂನೆ, ಹೊಸಬರಿಗೆ ಮೊದಲ ವಾರ ಕಲಿಸುವ ಪಾಠ, ತಿಂಗಳ ವರದಿಯ ಕಾಲಂಗಳು, ಗೋಡೆಯ ಮೇಲಿನ ಸೂಚನಾ ಫಲಕ ಇಷ್ಟನ್ನೂ ಮೇಜಿನ ಮೇಲೆ ಹರಡಿ. ಹಳೆಯ ಪದ್ಧತಿಯನ್ನೇ ಕೇಳುವ ಕಾಗದ ಯಾವುದೆಂದು ಹುಡುಕಿ, ಮೊದಲು ಅದನ್ನು ತಿದ್ದಿಸಿ.