ಆರಾಧನೆಗೆ ಕೊಟ್ಟ ಕೈ, ಕೊರಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಇಂಗ್ಲಿಷ್ ಸ್ತುತಿಗೀತೆಯೊಂದರ ಧಾಟಿಗೆ ಕನ್ನಡದಲ್ಲಿ ಹಾಡು ಬರೆದೆ. ಮನೆಯಲ್ಲಿ ಹಾಡಿಕೊಂಡಾಗ ಚೆನ್ನಾಗಿಯೇ ಇತ್ತು. ಸಭೆಯಲ್ಲಿ ಹಾಡಿದರೆ ಯಾರೂ ದನಿಗೂಡಿಸಲಿಲ್ಲ, ಮಾತು ತಿಳಿಯಲಿಲ್ಲ ಎಂದರು. ಎಲ್ಲಿ ತಪ್ಪಿದೆ?
– ಹಾಸನದ ಓದುಗರು

ಉತ್ತರ: ಹೀಗೆ ಬರೆದ ಹಾಡುಗಳಲ್ಲಿ ಹೆಚ್ಚಾಗಿ ತಪ್ಪುವುದು ಹ್ರಸ್ವ, ದೀರ್ಘಗಳಲ್ಲಿ. ಇಂಗ್ಲಿಷ್ ಹಾಡು ಒತ್ತಿನ ಮೇಲೆ ನಡೆಯುತ್ತದೆ, ನಮ್ಮದು ಮಾತ್ರೆಯ ಮೇಲೆ. ಧಾಟಿ ಎಳೆಯುವ ಜಾಗದಲ್ಲಿ ಲಘು ಕೂತರೆ ಹಾಡುವವರು ಅದನ್ನೂ ಎಳೆದೇ ಹಾಡುತ್ತಾರೆ. ‘ನೀನೇ ನನ್ನ ಬಲ’ ಎಂದು ನೀವು ಬರೆದಿರುತ್ತೀರಿ, ಹಿಂದಿನ ಬೆಂಚಿನವರಿಗೆ ‘ಬಾಲ’ ಎಂದು ಕೇಳಿಸುತ್ತದೆ. ಭಕ್ತಿ ಎಷ್ಟಿದ್ದರೂ ಆ ಸಾಲಿನಲ್ಲಿ ಪ್ರಾರ್ಥಿಸಲು ಆಗುವುದಿಲ್ಲ.

ಮೊದಲು ಮಾತು ಬಿಟ್ಟು ಧಾಟಿಯನ್ನು ಬರೀ ‘ಲಾ ಲ ಲಾ’ ಎಂದು ಹಾಡಿ. ಎಳೆಯುವಲ್ಲಿ ಗುರು, ಚಿಕ್ಕದಾದಲ್ಲಿ ಲಘು ಎಂದು ಕಾಗದದ ಮೇಲೆ ಗುರುತು ಹಾಕಿ. ಆಮೇಲೆ ಆ ಗುರುತಿಗೆ ಹೊಂದುವ ಪದ ಹುಡುಕಿ. ‘ಲಾ ಲ ಲಾ’ ಬಂದಲ್ಲಿ ‘ದೇವರೇ’, ‘ತಂದೆಯೇ’ ಸಲೀಸಾಗಿ ಕೂರುತ್ತವೆ; ‘ಕರುಣೆ’ ಕೂರುವುದಿಲ್ಲ. ಸಾಲಿನ ಕೊನೆಗೆ ಸ್ವರ ಉದ್ದಕ್ಕೆ ನಿಲ್ಲುತ್ತಿದ್ದರೆ ಅಲ್ಲಿಗೆ ಸಂಬೋಧನೆಯನ್ನು ತನ್ನಿ: ದೇವಾ, ಪ್ರಭೂ, ಸ್ವಾಮೀ. ಕರೆಯುವಾಗ ಕನ್ನಡದಲ್ಲಿ ಕೊನೆಯ ಸ್ವರ ತಾನಾಗಿ ದೀರ್ಘವಾಗುವುದರಿಂದ ಎಷ್ಟು ಎಳೆದರೂ ಅರ್ಥ ಕೆಡುವುದಿಲ್ಲ. ಉಸಿರು ತೆಗೆದುಕೊಳ್ಳುವ ಜಾಗವನ್ನೂ ನೋಡಿ. ‘ಪರಲೋ’ ಎಂದು ನಿಲ್ಲಿಸಿ ‘ಕದ’ ಎಂದು ಮುಂದಿನ ಸಾಲು ಹಿಡಿದರೆ ಸಭೆ ಅಲ್ಲೇ ಕೈಬಿಡುತ್ತದೆ.

ನಮ್ಮ ಮಾತು ಕೇಳುವುದಾದರೆ, ಮುಂದಿನ ಹಾಡಿಗೆ ಕನ್ನಡದ್ದೇ ನಡೆ ಹಿಡಿಯಿರಿ. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ಗಣ ಏಳೆಣಿಕೆಯ ಮಿಶ್ರಛಾಪು ತಾಳಕ್ಕೆ ನೇರವಾಗಿ ಹೊಂದುತ್ತದೆ. ನಿಘಂಟಿನ ಕಿಟ್ಟೆಲರು ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹಾಡಿದರು, ಅದೂ 19ನೇ ಶತಮಾನದಲ್ಲಿ. ಪಲ್ಲವಿ ಎರಡು ಸಾಲು ಮೀರದಿರಲಿ. ನೀವು ಕಥೋಲಿಕರಾದರೆ ಸಾಹಿತ್ಯವನ್ನು ಮೊದಲು ಫಾದರ್‌ಗೆ ತೋರಿಸಿ. ಪೂಜೆಯ ಹಾಡಿನ ಮಾತು ಮುಖ್ಯವಾಗಿ ಬೈಬಲ್ ಮತ್ತು ಆರಾಧನಾ ವಿಧಿಯಿಂದಲೇ ಬರಬೇಕೆಂದು ಕಥೋಲಿಕ ಧರ್ಮಾಧ್ಯಕ್ಷರ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೇಳಿದೆ.

ಪ್ರಶ್ನೆ: ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತೇನೆ. ರೆಕಾರ್ಡಿಂಗ್‌ನ ಶ್ರುತಿಯಲ್ಲೇ ನುಡಿಸಿದರೂ ಚರಣ ಮೇಲೇರುತ್ತಿದ್ದಂತೆ ಸಭೆಯವರು ಸುಮ್ಮನಾಗುತ್ತಾರೆ.
– ಕೋಲಾರದ ಓದುಗರು

ಉತ್ತರ: ಕಾರಣ ಆ ಶ್ರುತಿಯೇ. ಅದು ಒಬ್ಬ ಪಳಗಿದ ಗಾಯಕರ ಕೊರಳಿಗೆ ಇಟ್ಟದ್ದು. ಹಾಡಿನ ಅತಿ ಮೇಲಿನ ಮತ್ತು ಅತಿ ಕೆಳಗಿನ ಸ್ವರ ಯಾವುವೆಂದು ಕೀಬೋರ್ಡಿನ ಮೇಲೆ ಹುಡುಕಿ. ಹೆಂಗಸರ ಕೊರಳಿನ ಲೆಕ್ಕದಲ್ಲಿ ಮೇಲಿನದು ನಡುವಿನ ‘ಸಿ’ಯ ಮುಂದಿನ ಸ್ಥಾಯಿಯ ‘ಡಿ’ ದಾಟಬಾರದು. ಕೆಳಗಿನದು ನಡುವಿನ ‘ಸಿ’ಗಿಂತ ಕೆಳಗಿರುವ ‘ಎ’ಗಿಂತ ಕೆಳಗೆ ಇಳಿಯಬಾರದು. ಗಂಡಸರು ಅದನ್ನೇ ಒಂದು ಸ್ಥಾಯಿ ಕೆಳಗೆ ಹಾಡಿಕೊಳ್ಳುತ್ತಾರೆ. ಹಾಡು ‘ಎಫ್’ವರೆಗೆ ಏರುತ್ತಿದ್ದರೆ ಕೀಬೋರ್ಡಿನ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಅನ್ನು ಮೈನಸ್ 3ಕ್ಕೆ ಇಳಿಸಿ. ಬೆಳಗಿನ ಮೊದಲ ಆರಾಧನೆಗೆ ಇನ್ನೂ ಅರ್ಧ ಸ್ವರ ಇಳಿಸಿದರೆ ಒಳ್ಳೆಯದು, ಆಗ ಯಾರ ಕೊರಳೂ ತೆರೆದಿರುವುದಿಲ್ಲ. ಹಾಡು ಮುಗಿದ ಕೂಡಲೇ ಟ್ರಾನ್ಸ್‌ಪೋಸ್ ಸೊನ್ನೆಗೆ ತನ್ನಿ. ಮರೆತರೆ ಮುಂದಿನ ಹಾಡಿನಲ್ಲಿ ಗಿಟಾರು ಒಂದು ಕಡೆ, ಕೀಬೋರ್ಡು ಒಂದು ಕಡೆ. ಗಿಟಾರಿನವರಿಗೂ ಮೊದಲೇ ಹೇಳಿ. ಗಿಟಾರಿನ ತಂತಿಗಳನ್ನು ಒತ್ತಿ ಹಿಡಿಯುವ ಕ್ಯಾಪೊ ಶ್ರುತಿಯನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ‘ಜಿ’ಯಲ್ಲಿದ್ದದ್ದು ‘ಇ’ಗೆ ಇಳಿದಾಗ ಅವರು ಎರಡನೇ ಮನೆಗೆ ಕ್ಯಾಪೊ ಹಾಕಿ ‘ಡಿ’ ಕಾರ್ಡುಗಳನ್ನು ಹಿಡಿಯಬಹುದು.

ಇಳಿಸಿದರೂ ಎರಡು ತುದಿಯೂ ಹೊಂದದಷ್ಟು ಹರಡಿಕೊಂಡ ಹಾಡಾದರೆ ಚರಣ ಕ್ವಾಯರಿಗೆ, ಪಲ್ಲವಿ ಸಭೆಗೆ. ಸೌಂಡ್ ಬಾಕ್ಸಿನ ವಾಲ್ಯೂಮ್ ಕೂಡ ಗಮನಿಸಿ: ಪಕ್ಕದವರ ದನಿ ಕೇಳಿಸದಿದ್ದರೆ ಜನ ತಮ್ಮ ದನಿಯನ್ನೂ ತಗ್ಗಿಸುತ್ತಾರೆ. ಇದೆಲ್ಲ ತಾಂತ್ರಿಕ ವಿಷಯ, ಭಕ್ತಿಯಲ್ಲ ಎಂದು ಯಾರಾದರೂ ಅಂದರೆ ಬೈಬಲಿನ 1 ಪೂರ್ವಕಾಲವೃತ್ತಾಂತ 15:22 ತೋರಿಸಿ. ಲೇವಿಯರ ಮುಖಂಡ ಕೆನನ್ಯನಿಗೆ ಗಾಯನದ ಹೊಣೆ ಸಿಕ್ಕಿದ್ದು ಅವನಿಗೆ ಅದು ಚೆನ್ನಾಗಿ ಗೊತ್ತಿದ್ದ ಕಾರಣಕ್ಕೆ.

ಪ್ರಶ್ನೆ: ನನಗೆ ಕಸೂತಿ ಬರುತ್ತದೆ. ಬಲಿಪೀಠದ ಕಾರ್ಪೊರಲ್ ಬಟ್ಟೆಗೆ ಮಣಿ, ಜರಿ ಹಾಕಿ ಕೊಡಬೇಕೆಂಬ ಆಸೆ. ಸಿಸ್ಟರ್ ಬೇಡ ಎನ್ನುತ್ತಾರೆ.
– ಚಿಕ್ಕಮಗಳೂರಿನ ಓದುಗರು

ಉತ್ತರ: ಸಿಸ್ಟರ್ ಹೇಳಿದ್ದು ಸರಿ. ಪರಮಪ್ರಸಾದದ ರೊಟ್ಟಿಯ ಸಣ್ಣ ಚೂರು ಬಿದ್ದರೂ ಕಳೆದುಹೋಗಬಾರದೆಂದೇ ಕಾರ್ಪೊರಲ್ ಹಾಸುವುದು. ಉಬ್ಬಿದ ಹೊಲಿಗೆಯಲ್ಲಿ, ಮಣಿಯ ಸಂದಿನಲ್ಲಿ ಚೂರು ಸಿಕ್ಕಿಕೊಳ್ಳುತ್ತದೆ, ಪಾನಪಾತ್ರೆಯೂ ಅಲುಗಾಡುತ್ತದೆ.

ಹೀಗೆ ಮಾಡಿ: ಬಿಳಿ ಲಿನನ್ ತನ್ನಿ, ಸಿಗದಿದ್ದರೆ ದಪ್ಪ ಹತ್ತಿಬಟ್ಟೆ. ಪಾಲಿಯೆಸ್ಟರ್ ಬೇಡ, ಅದು ಜಾರುತ್ತದೆ, ಚೆಲ್ಲಿದ ದ್ರಾಕ್ಷಾರಸವನ್ನು ಹೀರುವುದಿಲ್ಲ. ಕತ್ತರಿಸುವ ಮೊದಲೇ ಬಿಸಿನೀರಿನಲ್ಲಿ ಒಗೆದು ಇಸ್ತ್ರಿ ಮಾಡಿ. ಇಲ್ಲವಾದರೆ ಹೊಲಿದ ಮೇಲೆ ಕುಗ್ಗಿ ಚೌಕ ಸೊಟ್ಟಗಾಗುತ್ತದೆ. ಅಂಚು ಮಡಿಚಿ ಹೊಲಿದ ಮೇಲೆ ಸುಮಾರು 50 ಸೆಂ.ಮೀ. ಚೌಕ ಉಳಿಯಲಿ. ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಮಡಿಕೆಯಾಗಿ ಒಂಬತ್ತು ಮನೆ ಮೂಡುತ್ತವೆ. ಗುರುಗಳ ಕಡೆಯ ಸಾಲಿನ ನಡುಮನೆಯಲ್ಲಿ ಚಿಕ್ಕದೊಂದು ಶಿಲುಬೆ ಸಾಕು, ಚಪ್ಪಟೆ ಹೊಲಿಗೆಯಲ್ಲಿ. ಕೆಂಪು ದಾರವಾದರೆ ಮೊದಲು ಅದನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ತುಂಡಿನ ಮೇಲಿಟ್ಟು ಇಸ್ತ್ರಿ ಒತ್ತಿ. ಬಣ್ಣ ಹತ್ತಿದರೆ ಆ ದಾರ ಬೇಡ.

ಜರಿಗೆ, ಮಣಿಗೆ ಜಾಗವಿಲ್ಲವೆಂದಲ್ಲ. ಬಲಿಪೀಠದ ಹಾಸಿನಲ್ಲಿ ಮುಂದಕ್ಕೆ ಇಳಿಬೀಳುವ ಭಾಗ, ಹಬ್ಬದ ಬ್ಯಾನರ್ ಎಲ್ಲ ನಿಮ್ಮ ಕೈಗಾಗಿಯೇ ಕಾದಿವೆ. ಬ್ಯಾನರಿನ ಅಕ್ಷರಕ್ಕೆ ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಲೆಕ್ಕ ಇಟ್ಟುಕೊಳ್ಳಿ: ಕೊನೆಯ ಬೆಂಚು 50 ಅಡಿ ದೂರವಿದ್ದರೆ 5 ಇಂಚು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ನಡುವೆ ಧಾರಾಳವಾಗಿ ಜಾಗ ಬಿಡಿ. ಬೈಬಲಿನ ವಿಮೋಚನಕಾಂಡ 35ರಲ್ಲಿ ಕುಶಲಕರ್ಮಿ ಬೆಚಲೇಲನಿಗೂ ಅವನ ಜೊತೆಗಾರನಿಗೂ ಕಸೂತಿಯ ಜಾಣ್ಮೆಯ ಜೊತೆಗೆ ಇತರರಿಗೆ ಕಲಿಸುವ ವರವೂ ಸಿಕ್ಕಿತೆಂದಿದೆ. ಯುವತಿಯರಿಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೊಲಿಯಿರಿ.

ಪ್ರಶ್ನೆ: ಕ್ರಿಸ್ಮಸ್ ಗೋದಲಿಯಲ್ಲಿ ಹಸಿರು ಗದ್ದೆ ಮಾಡಲು ರಾಗಿ ಬಿತ್ತಿದರೆ ಪ್ರತಿ ವರ್ಷ ಬೂಷ್ಟು ಹಿಡಿಯುತ್ತದೆ ಅಥವಾ ಹಬ್ಬಕ್ಕೆ ಮುಂಚೆಯೇ ಮಲಗುತ್ತದೆ.
– ಮಂಡ್ಯದ ಓದುಗರು

ಉತ್ತರ: ಬೂಷ್ಟಿಗೆ ಕಾರಣ ನಿಂತ ನೀರು, ಮಲಗುವುದಕ್ಕೆ ಕಾರಣ ಕತ್ತಲೆ. ತಟ್ಟೆಯ ತಳಕ್ಕೆ ತೂತು ಮಾಡಿ, ಎರಡು ಇಂಚು ಮಣ್ಣು-ಮರಳು ತುಂಬಿ. ಡಿಸೆಂಬರ್ 14ರ ಸುಮಾರಿಗೆ ಬಿತ್ತಿ, ನೀರನ್ನು ಸುರಿಯದೆ ಚಿಮುಕಿಸಿ. ಮೊಳಕೆ ಕಂಡ ದಿನದಿಂದ ಬೆಳಕಿಗಿಡಿ, ದಿನಕ್ಕೊಮ್ಮೆ ತಟ್ಟೆ ತಿರುಗಿಸಿ. ಒಣಹುಲ್ಲಿನ ಹತ್ತಿರ ಹಳೆಯ ಬಲ್ಬು ಬೇಡವೇ ಬೇಡ, ಬೆಂಕಿ ಹತ್ತೀತು. ಎಲ್‌ಇಡಿ ಸರವೇ ಇರಲಿ, ವೈರಿನ ಜೋಡಣೆ ಒದ್ದೆ ಮಣ್ಣಿಗೆ ತಾಗದಿರಲಿ.