ಸಿಮ್ಯುಲೇಷನ್‌ನಲ್ಲಿ 12.2 ಬದಲು 13.1: ಕೋಡ್ ತಪ್ಪಿಲ್ಲ

ರಾಯಚೂರಿನ ಗೆಳೆಯರೇ, ಟಿಸಿಪಿ (ಇಂಟರ್ನೆಟ್‌ನಲ್ಲಿ ಡೇಟಾ ಪ್ಯಾಕೆಟ್‌ಗಳನ್ನು ತಲುಪಿಸುವ ನಿಯಮ) ಸಿಮ್ಯುಲೇಷನ್‌ನಲ್ಲಿ ಪ್ಯಾಕೆಟ್ ನಷ್ಟದ ಸಂಭವ ಪಿ = 0.01 ಇಟ್ಟರೆ ಸರಾಸರಿ ವಿಂಡೋ, ಅಂದರೆ ಉತ್ತರಕ್ಕೆ ಕಾಯದೆ ಒಮ್ಮೆಗೆ ಕಳಿಸುವ ಪ್ಯಾಕೆಟ್‌ಗಳ ಸಂಖ್ಯೆ, 13.1 ಬರುತ್ತಿದೆ, ಸೂತ್ರ 12.2 ಅನ್ನುತ್ತದೆ, ತಪ್ಪೆಲ್ಲಿ ಅಂತ ಕೇಳಿದ್ದೀರಿ. ಕೋಡ್ ಸರಿಯಾಗೇ ಇದೆ.

ಆ 1.22/√ಪಿ ಸೂತ್ರ, ಪ್ಯಾಕೆಟ್ ನಷ್ಟ ಕರಾರುವಾಕ್ಕಾಗಿ ನೂರಕ್ಕೊಂದರಂತೆ ಆಗುತ್ತದೆ ಅಂದುಕೊಳ್ಳುತ್ತದೆ. ನೀವು ಪ್ರತಿ ಪ್ಯಾಕೆಟ್‌ಗೂ ಲಾಟರಿ ಎತ್ತಿದ್ದೀರಿ. ನಮ್ಮ ಗಂಗಾವತಿಯ ರೈಸ್ ಮಿಲ್ ಮುಂದೆ ಭತ್ತದ ಲಾರಿ ಸರಾಸರಿ ಅರ್ಧ ಗಂಟೆಗೊಂದು ಅಂದರೂ, ಒಮ್ಮೆ ಮೂರು ಒಟ್ಟಿಗೆ ಬರುತ್ತವೆ, ಆಮೇಲೆ ಒಂದೂವರೆ ಗಂಟೆ ರಸ್ತೆ ಖಾಲಿ. ನಷ್ಟವೂ ಹಾಗೇ. ಖಾಲಿ ಸಿಕ್ಕಾಗ ವಿಂಡೋ ಜಾಸ್ತಿ ಬೆಳೆದುಬಿಡುತ್ತದೆ.

ಒಂದು ಆರ್‌ಟಿಟಿಯಲ್ಲಿ (ಪ್ಯಾಕೆಟ್ ಹೋಗಿ ಅದರ ಉತ್ತರ ವಾಪಸ್ ಬರುವ ಸಮಯ) ವಿಂಡೋ 1 ಏರುತ್ತದೆ. ಅಷ್ಟರಲ್ಲಿ ಪಿ × ವಿಂಡೋ ಸಲ ನಷ್ಟ, ಪ್ರತಿ ಸಲ ವಿಂಡೋ ಅರ್ಧಕ್ಕೆ. ಅಂದರೆ ಇಳಿಯುವುದು ಪಿ × ವಿಂಡೋ × ವಿಂಡೋ/2. ಏರಿದ್ದೂ ಇಳಿದದ್ದೂ ಸಮ ಆಗಬೇಕಲ್ವಾ? ಆಗ ವಿಂಡೋದ ವರ್ಗದ ಸರಾಸರಿ 2/ಪಿ, ಅಂದರೆ 200. ಅದರ ವರ್ಗಮೂಲ 14.1. ಏರಿಳಿತ ಇರುವುದರಿಂದ ಬರೀ ಸರಾಸರಿ ಇದಕ್ಕಿಂತ ಕಡಿಮೆ ಇರಲೇಬೇಕು. ಆಟ್, ಕೆಂಪರ್‌ಮನ್, ಮ್ಯಾಥಿಸ್ ಎಂಬ ಸಂಶೋಧಕರು 1996ರಲ್ಲೇ ಪೂರ್ತಿ ಬಿಡಿಸಿ 1.31/√ಪಿ ತೋರಿಸಿದರು. ನಿಮ್ಮ 13.1 ಅದೇ!

ಒಂದು ಕಡೆ ಮಾತ್ರ ಹುಷಾರು. ಸರಾಸರಿಯನ್ನು ಆರ್‌ಟಿಟಿಗೊಮ್ಮೆ ತೆಗೆಯಿರಿ. ಪ್ರತಿ ಪ್ಯಾಕೆಟ್‌ಗೂ ತೆಗೆದರೆ ದೊಡ್ಡ ವಿಂಡೋಗಳೇ ಹೆಚ್ಚು ಸಲ ಎಣಿಕೆಗೆ ಬಂದು 15 ದಾಟುತ್ತದೆ. ನಾನು ಇದರಲ್ಲೇ ಸುಮ್ನೆ ಎರಡು ದಿನ ಕಳೆದಿದ್ದೆ. ಮತ್ತೆ, ನಿಜವಾದ ಲಿನಕ್ಸ್ ಮೇಲೆ ಅಳೆಯುವುದಾದರೆ ಮೊದಲು ಅದರಲ್ಲಿ ತಾನಾಗಿ ಬರುವ ಕ್ಯೂಬಿಕ್ ಎಂಬ ವಿಂಡೋ ಏರಿಸುವ ವಿಧಾನ ಬಿಟ್ಟು, ಮೇಲೆ ಹೇಳಿದಂತೆ ಏರಿಳಿಯುವ ರೀನೋಗೆ ಬದಲಿಸಿಕೊಳ್ಳಿ.