ದಾನಕ್ಕೆ ಲೆಕ್ಕ ಯಾಕೆ ಅಂದ ಮೇಷ್ಟ್ರಿಗೆ

ಓದುಗರ ಪತ್ರ: "ನಾನು ನಿವೃತ್ತ ಶಿಕ್ಷಕ. ಏಳು ಜನ ಸೇರಿ ಒಂದು ಸಣ್ಣ ಸೇವಾಸಂಸ್ಥೆ ನಡೆಸುತ್ತೇವೆ. ವಾರಕ್ಕೆ ಎರಡು ದಿನ ದಿನಸಿ ಹಂಚುತ್ತೇವೆ. ದಾನವಾಗಿ ಬಂದ ಆಹಾರ ಕೂಡಿಟ್ಟು ನಮ್ಮಂಥ ಸಂಸ್ಥೆಗಳಿಗೆ ಕೊಡುವ ಪ್ರಾದೇಶಿಕ ಫುಡ್ ಬ್ಯಾಂಕ್ ಜೊತೆ ಸೇರಿಕೊಳ್ಳೋಣ ಅಂತ ಹೋದರೆ, ನೋಂದಣಿ ಪತ್ರ ತನ್ನಿ, ಒಪ್ಪಂದಕ್ಕೆ ಸಹಿ ಹಾಕಿ, ಸಾಮಾನು ಇಡುವ ಜಾಗ ತೋರಿಸಿ, ಫ್ರಿಜ್ಜಿನ ಉಷ್ಣತೆ ದಿನಾ ಬರೆದಿಡಿ, ತಿಂಗಳಿಗೊಂದು ವರದಿ ಕಳಿಸಿ ಅಂದರು. ತೂಕದ ಮೇಲೆ ನಿರ್ವಹಣಾ ಶುಲ್ಕ ಬೇರೆ. ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅಂತಾರೆ. ಇವರು ದಾನ ತಗೊಳ್ಳುವವರ ಹಲ್ಲನ್ನೇ ಎಣಿಸುತ್ತಿದ್ದಾರೆ. ಹಸಿದವರಿಗೆ ಕೊಡೋದಕ್ಕೆ ಇಷ್ಟೊಂದು ಕಾಗದ ಯಾಕೆ?"

ಮೇಷ್ಟ್ರೇ,

ಹಲ್ಲಿನ ಮಾತು ಓದಿ ಜೋರಾಗಿ ನಕ್ಕೆ. ಆಮೇಲೆ ನಿಮ್ಮ ಜೊತೆ ಜಗಳ ಆಡಲೇಬೇಕು ಅನ್ನಿಸಿತು. ಈ ತಿಂಗಳು ಬಂದ ಪತ್ರಗಳಲ್ಲಿ ನಿಮ್ಮದನ್ನೇ ಎತ್ತಿಕೊಂಡಿದ್ದು ಅದಕ್ಕೇ.

ಮೊದಲು ನಿಮ್ಮ ಪರವಾಗಿ ಎರಡು ಮಾತು. ಏಳು ಜನರ ಸಂಸ್ಥೆಗೂ ಎಪ್ಪತ್ತು ಜನ ಸಂಬಳದ ಸಿಬ್ಬಂದಿ ಇರುವ ಸಂಸ್ಥೆಗೂ ಒಂದೇ ಅರ್ಜಿ ನಮೂನೆ ಕೊಡುವುದು ತಪ್ಪು. ಒಂದೇ ವಿಷಯವನ್ನು ಮೂರು ಕಡೆ ಬರೆಸಿಕೊಳ್ಳುವುದು ಇನ್ನೂ ತಪ್ಪು. ಒಪ್ಪಿದೆ. ಆಯ್ತಲ್ಲ? ಇನ್ನು ನನ್ನ ಸರದಿ.

ನೀವು ಮೇಷ್ಟ್ರು. ವರ್ಷಗಟ್ಟಲೆ ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ತೆರೆದವರು. ಹಾಜರಿ ಕೂಗಿದ್ದರಿಂದ ಮಕ್ಕಳ ಮೇಲಿನ ಪ್ರೀತಿ ಕಡಿಮೆಯಾಯಿತಾ? ನಾಲ್ಕು ದಿನ ಬಾರದ ಹುಡುಗನ ಮನೆಗೆ ಹೋಗಿ ವಿಚಾರಿಸಬೇಕು ಅಂತ ನಿಮಗೆ ಗೊತ್ತಾಗುತ್ತಿದ್ದದ್ದೇ ಆ ಪುಸ್ತಕದಿಂದ. ದಿನಸಿ ಹಂಚುವಾಗ ಮಾತ್ರ ಪುಸ್ತಕ ನಿಮಗೆ ಅವಮಾನದ ಹಾಗೆ ಯಾಕೆ ಕಂಡಿತು?

ನಾನು ಇದನ್ನು ಉಪದೇಶಕ್ಕೆ ಹೇಳುತ್ತಿಲ್ಲ. ಪೆಟ್ಟು ತಿಂದು ಕಲಿತವನು. ಪತ್ರಿಕೆಗೆ ಬರುವ ಮುಂಚೆ ಎರಡು ವರ್ಷ ಒಂದು ಸಣ್ಣ ಸಂಸ್ಥೆಯಲ್ಲಿ ಸ್ವಯಂಸೇವಕನಾಗಿದ್ದೆ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಉಷ್ಣತೆ ನೋಡಿ ಬರೆಯಬೇಕು. 5 ಡಿಗ್ರಿ ದಾಟಬಾರದು. ಅಷ್ಟೇ ಕೆಲಸ. ನಾನು ಏನು ಮಾಡುತ್ತಿದ್ದೆ ಗೊತ್ತಾ? ತಿಂಗಳ ಕೊನೆಗೆ ಒಂದೇ ಕೂತಲ್ಲಿ ಅರವತ್ತು ಖಾನೆಗೂ 4 ಅಂತ ತುಂಬಿಸುತ್ತಿದ್ದೆ. ಒಂದೇ ಪೆನ್ನು, ಒಂದೇ ಇಂಕು. ಒಂದು ಸಲ ಫುಡ್ ಬ್ಯಾಂಕಿನಿಂದ ತಪಾಸಣೆಗೆ ಒಬ್ಬ ಹೆಂಗಸು ಬಂದರು. ಬೈಯಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟು ನಿಧಾನಕ್ಕೆ ಕೆಳಗೆ ಜಾರಿಸುತ್ತಾ ಹನ್ನೊಂದನೇ ತಾರೀಕಿನ ಹತ್ತಿರ ನಿಲ್ಲಿಸಿದರು. "ಅವತ್ತು ಇಡೀ ದಿನ ಕರೆಂಟ್ ಇರಲಿಲ್ಲ ಅಲ್ವಾ? ಆದರೂ ನಾಲ್ಕೇ ಡಿಗ್ರಿ. ಒಳ್ಳೆ ಫ್ರಿಜ್ಜು" ಅಂದರು. ಆ ದಿನ ಒಳಗಿದ್ದ ಹಾಲನ್ನು ನಾವು ಮರುದಿನ ಹಂಚಿದ್ದೆವು. ಯಾರಿಗೂ ಏನೂ ಆಗಲಿಲ್ಲ ಅಂತ ನಂಬಿಕೊಂಡಿದ್ದೇನೆ. ನಂಬಿಕೆ ಅಷ್ಟೇ. ಯಾರಿಗೆ ಕೊಟ್ಟೆವು ಅಂತಲೂ ಬರೆದಿರಲಿಲ್ಲವಲ್ಲ, ಕೇಳಲು ಎಲ್ಲಿಗೆ ಹೋಗಲಿ?

ಫುಡ್ ಬ್ಯಾಂಕ್ ಅನ್ನುವ ಈ ಏರ್ಪಾಡು ಹುಟ್ಟಿದ್ದು ಹೇಗೆ ಅಂತ ನೆನಪಿಸಿದರೆ ನಿಮ್ಮ ಸಿಟ್ಟು ಸ್ವಲ್ಪ ಇಳಿಯಬಹುದು. ಜಾನ್ ವ್ಯಾನ್ ಹೆಂಗಲ್ ಅನ್ನುವವರು ಅಮೆರಿಕದ ಫೀನಿಕ್ಸ್ ನಗರದಲ್ಲಿ ಬಡವರಿಗೆ ಊಟ ಹಾಕುವ ಕಡೆ ಸ್ವಯಂಸೇವಕರಾಗಿದ್ದರು. ತೋಟಗಳಲ್ಲಿ ಕೊಯ್ಯದೆ ಬಿಟ್ಟ ಹಣ್ಣು ತಂದು ಊರಿನ ಸಂಸ್ಥೆಗಳಿಗೆ ತಾವೇ ಮುಟ್ಟಿಸುತ್ತಿದ್ದರು. ಹಣ್ಣು ಜಾಸ್ತಿಯಾಯಿತು, ಇಡಲು ಜಾಗ ಸಾಲಲಿಲ್ಲ. ಅಷ್ಟರಲ್ಲಿ ಅಂಗಡಿಯ ಕಸದ ಡಬ್ಬಿ ಕೆದಕಿ ಮಕ್ಕಳನ್ನು ಸಾಕುತ್ತಿದ್ದ ಒಬ್ಬ ತಾಯಿ, ದುಡ್ಡು ಇಟ್ಟು ತೆಗೆಯುವ ಬ್ಯಾಂಕಿನ ಹಾಗೆ ಆಹಾರಕ್ಕೂ ಒಂದು ಬ್ಯಾಂಕ್ ಇರಬೇಕಿತ್ತು ಅಂದರಂತೆ. 1967ರಲ್ಲಿ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಶುರುವಾಯಿತು. ಮುಂದೆ 1979ರಲ್ಲಿ ಇಂಥ ಬ್ಯಾಂಕುಗಳೆಲ್ಲ ಸೇರಿ ಕಟ್ಟಿಕೊಂಡ ಜಾಲವೇ ಇವತ್ತಿನ ಫೀಡಿಂಗ್ ಅಮೆರಿಕ. ಸುಮಾರು 200 ಬ್ಯಾಂಕು, ಅವುಗಳ ಕೆಳಗೆ ಸಾವಿರಾರು ಸಣ್ಣ ಸಂಸ್ಥೆಗಳು.

ಬ್ಯಾಂಕು ಅನ್ನುವ ಮಾತು ಗಮನಿಸಿ. ಪಾಸ್‌ಬುಕ್ ಬೇಡ ಅನ್ನುವ ಬ್ಯಾಂಕನ್ನು ನೀವು ನಂಬುತ್ತೀರಾ?

ಇನ್ನೂ ಒಂದಿದೆ. ಹೆಚ್ಚಿನ ಫುಡ್ ಬ್ಯಾಂಕುಗಳು ಹಸಿದವರ ಕೈಗೆ ನೇರವಾಗಿ ಕೊಡುವುದು ಕಡಿಮೆ. ಲಾರಿಗಟ್ಟಲೆ ಬಂದ ಸರಕನ್ನು ಇಳಿಸಿಕೊಂಡು, ವಿಂಗಡಿಸಿ, ನಿಮ್ಮಂಥ ಸಂಸ್ಥೆಗಳಿಗೆ ಕೊಡುತ್ತವೆ. ಯಾರ ಮನೆಯಲ್ಲಿ ಒಲೆ ಉರಿದಿಲ್ಲ ಅಂತ ಗೋಡೌನಿನಲ್ಲಿ ಕೂತವರಿಗೆ ಗೊತ್ತಿಲ್ಲ, ನಿಮಗೆ ಗೊತ್ತು. ಯಾವ ಬ್ಯಾಚಿನ ಡಬ್ಬಿಯಲ್ಲಿ ದೋಷ ಇದೆ ಅಂತ ನಿಮಗೆ ಗೊತ್ತಿಲ್ಲ, ಅವರಿಗೆ ಕಂಪನಿಯಿಂದ ಫೋನ್ ಬರುತ್ತದೆ. ಆ ಫೋನ್ ಬಂದ ಗಳಿಗೆಯಲ್ಲಿ ನಿಮ್ಮಿಬ್ಬರ ನಡುವೆ ಇರುವುದು ನೀವು ಬೈದ ಆ ಕಾಗದ ಒಂದೇ. ಯಾವ ಪೆಟ್ಟಿಗೆ, ಯಾವ ದಿನ, ಯಾವ ಸಂಸ್ಥೆಗೆ ಹೋಯಿತು. ಅದು ಬರೆದಿದ್ದರೆ ಸಂಜೆಯೊಳಗೆ ಡಬ್ಬಿ ವಾಪಸ್ ಬರುತ್ತದೆ.

ಕೊಡುವವರ ಭಯವನ್ನೂ ನೋಡಿ. ತಿಂದವರು ಕಾಯಿಲೆ ಬಿದ್ದರೆ ಕೇಸು ಹಾಕುತ್ತಾರೆ ಅಂತ ಅಂಗಡಿಯವರು ಒಳ್ಳೆಯ ಸಾಮಾನನ್ನೂ ಕಸಕ್ಕೆ ಸುರಿಯುತ್ತಿದ್ದರು. ಅಮೆರಿಕದಲ್ಲಿ 1996ರಲ್ಲಿ ಒಂದು ಕಾನೂನು ಬಂತು. ಸದುದ್ದೇಶದಿಂದ ಕೊಟ್ಟ ದಾನಿಗೂ, ಹಂಚಿದ ಸಂಸ್ಥೆಗೂ ಅದು ರಕ್ಷಣೆ ಕೊಡುತ್ತದೆ. ಗೊತ್ತಿದ್ದೂ ಘೋರ ಅಲಕ್ಷ್ಯ ಮಾಡಿದ್ದರೆ ಅಥವಾ ಬೇಕಂತಲೇ ತಪ್ಪು ಮಾಡಿದ್ದರೆ ಮಾತ್ರ ರಕ್ಷಣೆ ಇಲ್ಲ. ಫ್ರಾನ್ಸ್ 2016ರಲ್ಲಿ ಬೇರೆ ದಾರಿ ಹಿಡಿಯಿತು. 400 ಚದರ ಮೀಟರ್‌ಗಿಂತ ದೊಡ್ಡ ಸೂಪರ್ ಮಾರ್ಕೆಟ್‌ಗಳು ಉಳಿದ ಆಹಾರ ಕೊಡುವುದಕ್ಕೆ ಸೇವಾಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳಬೇಕು, ತಿನ್ನಬಹುದಾದದ್ದನ್ನು ಬೇಕಂತ ಹಾಳು ಮಾಡುವ ಹಾಗಿಲ್ಲ. ಅಲ್ಲೂ ನೋಡಿ, ಒಪ್ಪಂದ. ಬಾಯಿಮಾತಲ್ಲ. ಉದ್ದೇಶ ಒಳ್ಳೆಯದಿತ್ತು ಅಂತ ನಾಳೆ ತೋರಿಸಬೇಕಾಗಿ ಬಂದರೆ ಏನು ತೋರಿಸುತ್ತೀರಿ? ನನ್ನ ಅರವತ್ತು ನಾಲ್ಕುಗಳನ್ನಾ?

ಶುಲ್ಕದ ವಿಷಯ ಬೇಗ ಮುಗಿಸುತ್ತೇನೆ. ಅದು ಆಹಾರದ ಬೆಲೆ ಅಲ್ಲ. ಲಾರಿಯ ಡೀಸೆಲ್ಲು, ಕೋಲ್ಡ್ ಸ್ಟೋರೇಜಿನ ಕರೆಂಟ್ ಬಿಲ್ಲು, ಗೋಡೌನಿನವರ ಸಂಬಳ, ಇವುಗಳ ಒಂದು ಚೂರು. ಕೆಲವು ಬ್ಯಾಂಕುಗಳು ಅದನ್ನು ಪೂರ್ತಿ ತೆಗೆದುಹಾಕಿವೆ. ಆಗಲ್ಲ ಅಂದರೆ ಬಾಯಿಬಿಟ್ಟು ಹೇಳಿ, ಕೇಳುವುದರಲ್ಲಿ ನಾಚಿಕೆ ಏನಿದೆ? ಆದರೆ ಆ ಹಣವನ್ನು ಸಾಮಾನು ತಗೊಳ್ಳಲು ಬಂದವರಿಂದ ಮಾತ್ರ ವಸೂಲಿ ಮಾಡಬೇಡಿ. ಮಾರುವ ಹಾಗಿಲ್ಲ ಅನ್ನುವುದು ಈ ಏರ್ಪಾಡಿನ ಮೊದಲ ಷರತ್ತು.

ಸ್ವಲ್ಪ ದಿನ ಲೆಕ್ಕ ಸರಿಯಾಗಿ ಇಟ್ಟರೆ ಒಂದು ಲಾಭವೂ ಇದೆ. ಎಷ್ಟೋ ಬ್ಯಾಂಕುಗಳು ನಂಬಿಕೆ ಬಂದ ಸಂಸ್ಥೆಗೆ, ನಿಮ್ಮ ಹತ್ತಿರದ ಅಂಗಡಿಯಿಂದ ಉಳಿದದ್ದನ್ನು ನೀವೇ ನೇರ ತಗೊಂಡು ಹೋಗಿ, ತೂಕ ಬರೆದು ಕಳಿಸಿದರೆ ಸಾಕು ಅನ್ನುತ್ತವೆ. ಬ್ರೆಡ್ಡು ಗೋಡೌನಿಗೆ ಹೋಗಿ ಎರಡು ದಿನ ಹಳಸಿ ನಿಮ್ಮ ಹತ್ತಿರ ಬರುವುದು ತಪ್ಪುತ್ತದೆ.

ಈಗ ನಿಮ್ಮ ಎಮ್ಮೆಯ ಹಲ್ಲಿಗೆ ಬರೋಣ. ಆ ಗಾದೆ ಇಲ್ಲಿ ನಡೆಯುವುದಿಲ್ಲ ಮೇಷ್ಟ್ರೇ. ಹಲ್ಲು ನೋಡಲೇಬೇಕು. ಅಮೆರಿಕದ ಆ ದೊಡ್ಡ ಜಾಲ ಮುಂಚೆ ಸರದಿ ಪ್ರಕಾರ ಲೋಡು ಹಂಚುತ್ತಿತ್ತು. ಯಾರ ಸರದಿಯೋ ಅವರಿಗೆ ಫೋನು, ಬಂದದ್ದು ಏನೋ ಅದು. ಹಾಗಾಗಿ ಆಲೂಗಡ್ಡೆಗೆ ಹೆಸರಾದ ಇಡಾಹೊ ರಾಜ್ಯಕ್ಕೇ ಆಲೂಗಡ್ಡೆ ಹೋದ ಕಥೆ ಇವತ್ತಿಗೂ ಹೇಳುತ್ತಾರೆ. ಕೊನೆಗೆ ಶಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರನ್ನು ಕೂರಿಸಿಕೊಂಡು 2005ರಲ್ಲಿ ಹೊಸ ಪದ್ಧತಿ ತಂದರು. ಪ್ರತಿ ಬ್ಯಾಂಕಿಗೂ ಒಂದಿಷ್ಟು ಆಟದ ದುಡ್ಡು, ಬಡತನ ಜಾಸ್ತಿ ಇರುವ ಕಡೆಗೆ ಜಾಸ್ತಿ. ಬೇಕಾದ ಲೋಡಿಗೆ ಹರಾಜಿನಲ್ಲಿ ಕೂಗಿ ತಗೊಳ್ಳಿ, ಬೇಡದ್ದನ್ನು ಬಿಡಿ. ನನಗೆ ಹರಾಜು ಅಂದರೆ ಮೈ ಉರಿಯುತ್ತದೆ, ಆದರೂ ಇದನ್ನು ಓದಿ ಸುಮ್ಮನಾದೆ. ದಾನ ತಗೊಳ್ಳುವವರಿಗೂ ಬೇಡ ಅನ್ನುವ ಹಕ್ಕು ಸಿಕ್ಕಿತಲ್ಲ.

ಆ ಹಕ್ಕು ನಿಮಗೂ ಇರಬೇಕು. ಇಬ್ಬರು ಮುದುಕರು, ಒಂದು ಫ್ರಿಜ್ಜು ಇರುವ ಕಡೆ ಒಂದು ಲಾರಿ ಮೊಸರು ಇಳಿಸಿದರೆ ಅದು ದಾನ ಅಲ್ಲ, ಕಸ ಸಾಗಿಸುವ ಕೆಲಸವನ್ನು ನಿಮ್ಮ ತಲೆಗೆ ಕಟ್ಟಿದ ಹಾಗೆ. ಬೇಡ ಅನ್ನಿ. ಆದರೆ ಹೋದ ವಾರ ಎಷ್ಟು ಖರ್ಚಾಯಿತು, ಎಷ್ಟು ಉಳಿದು ಕೊಳೆಯಿತು ಅಂತ ಪುಸ್ತಕ ತೆರೆದು ತೋರಿಸಿ ಬೇಡ ಅನ್ನಿ. ಆಗ ಅವರು ಕೇಳಿಸಿಕೊಳ್ಳುತ್ತಾರೆ.

ನಾನು ಕಂಡ ಒಂದು ಕಡೆ ರಿಜಿಸ್ಟರಿನಲ್ಲಿ ಕೈಯಲ್ಲೇ ಗೆರೆ ಎಳೆದು ಒಂದು ಖಾನೆ ಸೇರಿಸಿದ್ದರು. ಬ್ಯಾಂಕಿನ ನಮೂನೆಯಲ್ಲಿ ಅದು ಇರಲಿಲ್ಲ. ತಲೆಬರಹ, 'ಬರಿಗೈಲಿ ಹೋದವರು'. ಮಂಗಳವಾರದ ಎದುರಿಗೆ ಯಾವಾಗಲೂ ಎಂಟು, ಒಂಬತ್ತು, ಹನ್ನೆರಡು. ಶುಕ್ರವಾರ ಸೊನ್ನೆ. ಲಾರಿ ಬರುತ್ತಿದ್ದದ್ದು ಬುಧವಾರ. ಆ ಪುಟದ ಜೆರಾಕ್ಸ್ ಕಳಿಸಿದರು, ಲಾರಿ ಸೋಮವಾರಕ್ಕೆ ಬಂತು. ಎಷ್ಟು ಭಾಷಣ ಮಾಡಿದ್ದರೂ ಆಗದ ಕೆಲಸ.

ನಿಜ ಹೇಳಬೇಕು ಅಂದರೆ ನನ್ನ ಸಿಟ್ಟು ನಿಮ್ಮ ಮೇಲಲ್ಲ. ಪೊಟ್ಟಣ ಕೊಡುವ ಫೋಟೋಗೆ ಹತ್ತು ಕೈ ಮುಂದೆ ಬರುತ್ತವೆ. ಫ್ರಿಜ್ಜು ಕೆಟ್ಟಿದೆ, ರಿಪೇರಿ ಮಾಡಿಸಿಕೊಡಿ ಅಂದರೆ ಒಂದು ಕೈಯೂ ಇಲ್ಲ. ಥರ್ಮಾಮೀಟರಿನ ಮೇಲೆ ದಾನಿಯ ಹೆಸರು ಕೆತ್ತಿಸಲು ಜಾಗ ಇಲ್ಲ ನೋಡಿ. ಹಬ್ಬದ ದಿನ ಸ್ವಯಂಸೇವಕರು ಕಾಲಿಡಲು ಜಾಗ ಇಲ್ಲದಷ್ಟು ಬರುತ್ತಾರೆ, ವಾರದ ಮಧ್ಯ ಲೋಡು ಇಳಿಸುವ ದಿನ ನೀವು ಮತ್ತು ನಿಮ್ಮ ಸೊಂಟನೋವು ಮಾತ್ರ. ಪತ್ರಿಕೆಗಳು ಸಾಚಾ ಅಂತೇನಲ್ಲ. ನಮ್ಮ ಮೇಜಿಗೆ ವಿತರಣೆಯ ಫೋಟೋ ಬರುತ್ತದೆ, ನಾವೂ ಹಾಕುತ್ತೇವೆ. ಪಡೆದವರ ಮುಖವನ್ನು ಕೇಳದೇ ಅಚ್ಚು ಮಾಡಿದ್ದೂ ಇದೆ. ಈ ಸಂಚಿಕೆಯಿಂದ ಅದನ್ನು ನಿಲ್ಲಿಸಿದ್ದೇನೆ. ಇಬ್ಬರು ಜಾಹೀರಾತುದಾರರು ಮುನಿಸಿಕೊಂಡಿದ್ದಾರೆ.

ಸಹಿ ಹಾಕಿ ಮೇಷ್ಟ್ರೇ. ಹಾಕುವ ಮುಂಚೆ ಒಪ್ಪಂದವನ್ನು ಪೂರ್ತಿ ಓದಿ. ಸಂಬಂಧ ಬಿಡಬೇಕು ಅನ್ನಿಸಿದರೆ ಹೇಗೆ ಬಿಡಬೇಕು ಅಂತ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಬರೆಸಿ. ಫ್ರಿಜ್ಜಿನ ಹಾಳೆಯ ಪಕ್ಕ ಪೆನ್ನನ್ನು ದಾರದಲ್ಲಿ ಗಟ್ಟಿಯಾಗಿ ಕಟ್ಟಿ. ನಮ್ಮಲ್ಲಿ ಕಟ್ಟಿರಲಿಲ್ಲ, ಒಂದೇ ತಿಂಗಳಲ್ಲಿ ಮೂರು ಪೆನ್ನು ಯಾರದೋ ಜೇಬು ಸೇರಿದವು. ಒಂದು ನನ್ನ ಜೇಬೇ.

– ಸಂಪಾದಕ